ಸಂಘದ ಕಚೇರಿಗೆ ಲಿಬ್ರೆಆಫೀಸ್: ಕಷ್ಟ ಎಲ್ಲಿದೆ, ಎಲ್ಲಿಲ್ಲ

ಪ್ರಶ್ನೆ: ನಮ್ಮದು ತಾಲ್ಲೂಕು ಮಟ್ಟದ ಪತ್ತಿನ ಸಹಕಾರ ಸಂಘ. ಕಚೇರಿಯಲ್ಲಿ ಆರು ಕಂಪ್ಯೂಟರ್‌ಗಳಿವೆ, ಎಲ್ಲದರಲ್ಲೂ ವಿಂಡೋಸ್. ಇಷ್ಟು ದಿನ ಮೈಕ್ರೋಸಾಫ್ಟ್ ಆಫೀಸ್ ಬಳಸುತ್ತಿದ್ದೆವು. ಈಗ ವರ್ಷ ವರ್ಷವೂ ಚಂದಾ ಕಟ್ಟಬೇಕಾಗಿರುವುದರಿಂದ ಆಡಳಿತ ಮಂಡಳಿಯವರು ಲಿಬ್ರೆಆಫೀಸ್ ಹಾಕಿಸಿ ಎನ್ನುತ್ತಿದ್ದಾರೆ. ಸಿಬ್ಬಂದಿ ಮಾತ್ರ ‘ಪುಕ್ಕಟೆ ಸಿಗೋದು ಬಳಸೋಕೆ ಕಷ್ಟ, ಕನ್ನಡ ಕೆಡುತ್ತೆ, ಬೇರೆಯವರು ಕಳಿಸಿದ ಫೈಲ್ ಸರಿಯಾಗಿ ತೆರೆಯಲ್ಲ’ ಎನ್ನುತ್ತಾರೆ. ಲಿಬ್ರೆಆಫೀಸಿನಂಥ ಓಪನ್ ಸೋರ್ಸ್ (ಮೂಲ ಸಂಕೇತ ಎಲ್ಲರಿಗೂ ತೆರೆದಿರುವ) ತಂತ್ರಾಂಶ ನಿಜಕ್ಕೂ ಬಳಸಲು ಕಷ್ಟವೇ? ಬದಲಾಯಿಸುವುದಾದರೆ ಹೇಗೆ ಬದಲಾಯಿಸಬೇಕು?

ಉತ್ತರ: ನಿಮ್ಮ ಸಿಬ್ಬಂದಿಯ ದೂರುಗಳನ್ನು ತಳ್ಳಿಹಾಕಬೇಡಿ, ಮೂರರಲ್ಲೂ ಹುರುಳಿದೆ. ಆದರೆ ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ. ‘ಬಳಸೋಕೆ ಕಷ್ಟ’ ಎನ್ನುವುದು ಬಹುಪಾಲು ಕೈಯ ಅಭ್ಯಾಸಕ್ಕೆ ಸೇರಿದ್ದು. ‘ಕನ್ನಡ ಕೆಡುತ್ತೆ’ ಎನ್ನುವುದು ಹೆಚ್ಚಾಗಿ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳ ತೊಂದರೆ. ಯಾವ ಆಫೀಸ್ ಇಟ್ಟುಕೊಂಡರೂ ಅದು ಒಂದು ದಿನ ಎದುರಾಗುತ್ತದೆ. ‘ಫೈಲ್ ಸರಿಯಾಗಿ ತೆರೆಯಲ್ಲ’ ಎಂಬುದು ಎರಡು ತಂತ್ರಾಂಶಗಳ ನಡುವೆ ಕಡತ ಓಡಾಡುವಾಗ ಆಗುವ ನಿಜವಾದ ನಷ್ಟ. ಇವುಗಳ ಜೊತೆಗೆ ಸಿಬ್ಬಂದಿಯ ಕಣ್ಣಿಗೆ ಇನ್ನೂ ಬೀಳದ ಇನ್ನೊಂದಿದೆ: ಲಿಬ್ರೆಆಫೀಸಿನ ವಿನ್ಯಾಸದಲ್ಲೇ ಇರುವ ಕೆಲವು ಕುಂದುಗಳು. ಇವನ್ನೆಲ್ಲ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಬದಲಾವಣೆ ಮಾಡಲು ಹೊರಟ ಕಚೇರಿಗಳು ಎಡವುವುದು.

ಮೊದಲು ನಿಮ್ಮ ಮೂಲ ಪ್ರಶ್ನೆ. ಓಪನ್ ಸೋರ್ಸ್ ತಂತ್ರಾಂಶಗಳಿಗೆ ‘ಕಷ್ಟ’ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಅವನ್ನು ಬರೆಯುವವರೇ ಅವನ್ನು ಬಳಸುವವರೂ ಆಗಿದ್ದಾಗ, ಹೊಸಬರು ಎಲ್ಲಿ ತಡವರಿಸುತ್ತಾರೆ ಎಂಬುದು ಅವರಿಗೆ ಕಾಣುವುದಿಲ್ಲ. ವಾಣಿಜ್ಯ ಕಂಪನಿ ದುಡ್ಡು ಕೊಟ್ಟು ಹೊಸಬರನ್ನು ಕೂರಿಸಿ, ಅವರ ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತದೆ. ಯಾರಾದರೂ ಆ ಕೆಲಸವನ್ನು ಓಪನ್ ಸೋರ್ಸಿಗೂ ಮಾಡಿದಾಗೆಲ್ಲ ಫಲ ಕಂಡಿದೆ. ವಿಂಡೋಸ್‌ನ ಜಾಗದಲ್ಲಿ ಬಳಸಬಹುದಾದ ಓಪನ್ ಸೋರ್ಸ್ ವ್ಯವಸ್ಥೆಯಾದ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪನ್ನು 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಾಮಾನ್ಯ ಬಳಕೆದಾರರ ಮುಂದಿಟ್ಟು ಪರೀಕ್ಷಿಸಿತು. 2002ರಲ್ಲಿ ಬಂದ ಗ್ನೋಮ್ 2 ಹಿಂದಿನದಕ್ಕಿಂತ ಎಷ್ಟೋ ಸರಳವಾಗಿತ್ತು. ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ಒಂದು ವಸ್ತುವನ್ನು ಆಯ್ದುಕೊಳ್ಳಲು ವರ್ಷಗಟ್ಟಲೆ ಮೌಸಿನ ಬಲಗುಂಡಿ ಒತ್ತಬೇಕಿತ್ತು. 2019ರ 2.80 ಆವೃತ್ತಿಯಲ್ಲಿ ಅದು ಎಡಗುಂಡಿಗೆ ಬಂತು, ಪರದೆಯೂ ಹೊಸದಾಯಿತು. ಫೋಟೋ ತಿದ್ದುವ ಗಿಂಪ್‌ನ ಚೆಲ್ಲಾಪಿಲ್ಲಿ ಕಿಟಕಿಗಳು ಒಂದೇ ಕಿಟಕಿಯೊಳಗೆ ಸೇರುವ ಸೌಲಭ್ಯ ಬಂದದ್ದು 2012ರಲ್ಲಿ. ದೋಷ ಪರವಾನಗಿಯದ್ದಲ್ಲ, ಗಮನ ಎಲ್ಲಿಗೆ ಹರಿಯಿತು ಎಂಬುದರದ್ದು.

ಹಾಗೆಯೇ ದುಡ್ಡು ಕೊಟ್ಟದ್ದೆಲ್ಲ ಸುಲಭವೂ ಅಲ್ಲ, ಕನ್ನಡದ ಕೆಲಸದಲ್ಲಂತೂ ಅಲ್ಲ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಕನ್ನಡ ಬರೆದಾಗ ಒತ್ತಕ್ಷರಗಳು ಬಿಡಿ ಬಿಡಿಯಾಗಿ ನಿಂತರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಬೇಕಿತ್ತು. ಪುಟ ವಿನ್ಯಾಸದ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಿಂದ ‘ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಹಾಕಬೇಕು. ಗಿಂಪ್‌ನಲ್ಲೂ, ಚಿತ್ರ ವಿನ್ಯಾಸದ ಓಪನ್ ಸೋರ್ಸ್ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲೂ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಜಾಗತಿಕ ಪದ್ಧತಿ) ಕನ್ನಡ ಯಾವ ಸೆಟ್ಟಿಂಗೂ ಇಲ್ಲದೆ ಸರಿಯಾಗಿ ಬರುತ್ತದೆ. ಮಹಾಸಭೆಯ ಬ್ಯಾನರನ್ನು ನೀವೇ ಮಾಡಿಕೊಳ್ಳುವುದಾದರೆ ಇಂಕ್‌ಸ್ಕೇಪ್ ಸಾಕು.

ಇನ್ನು ಲಿಬ್ರೆಆಫೀಸ್. ಅದರಲ್ಲಿ ವರ್ಡ್‌ನ ಜಾಗದಲ್ಲಿ ರೈಟರ್, ಎಕ್ಸೆಲ್‌ನ ಜಾಗದಲ್ಲಿ ಕ್ಯಾಲ್ಕ್ ಇದೆ. ಕಂಪ್ಯೂಟರಿಗೆ ಹಾಕಿದ ಕೂಡಲೇ ಕಾಣುವುದು ಹಳೆಯ ಕಾಲದ ಮೆನು ಮತ್ತು ಸಣ್ಣ ಚಿತ್ರಗಳ ಸಾಲು. ವರ್ಡ್‌ನ ‘ಹೋಮ್, ಇನ್ಸರ್ಟ್, ಲೇಔಟ್’ ಪಟ್ಟಿಗೆ ಒಗ್ಗಿದವರು ಇಲ್ಲೇ ಮುಖ ಸಿಂಡರಿಸುವುದು. ವ್ಯೂ > ಯೂಸರ್ ಇಂಟರ್‌ಫೇಸ್ ತೆರೆದು ‘ಟ್ಯಾಬ್ಡ್’ ಆರಿಸಿ ‘ಅಪ್ಲೈ ಟು ಆಲ್’ ಒತ್ತಿ. ಪರದೆ ವರ್ಡ್‌ಗೆ ಹತ್ತಿರವಾಗುತ್ತದೆ. 2019ರ 6.2 ಆವೃತ್ತಿಯಿಂದ ಈ ಸೌಲಭ್ಯವಿದೆ. ಇಷ್ಟು ಮಾಡಿದರೆ ಮೊದಲ ವಾರದ ಗೊಣಗಾಟ ಬಹಳಷ್ಟು ತಗ್ಗುತ್ತದೆ. ಆಫೀಸ್ 2007 ಬಂದಾಗ 2003ಕ್ಕೆ ಒಗ್ಗಿದವರೂ ಇದೇ ಥರ ಪರದಾಡಿದ್ದರು, ಆಗ ಬದಲಾಯಿಸಿದ್ದು ಮೈಕ್ರೋಸಾಫ್ಟೇ. ಅಭ್ಯಾಸದ ತೊಂದರೆಗೆ ಎರಡು ಮೂರು ವಾರ ಕೊಟ್ಟರೆ ಸಾಮಾನ್ಯವಾಗಿ ಕಳೆದುಹೋಗುತ್ತದೆ, ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಣ್ಣ ವಿಷಯ: ಎಫ್1 ಒತ್ತಿದರೆ ಬರುವ ಸಹಾಯ ಪುಟಗಳಿಗೆ ಇಂಟರ್ನೆಟ್ ಬೇಕು. ನಿಮ್ಮಲ್ಲಿ ಸಂಪರ್ಕ ಕೈಕೊಡುತ್ತಿದ್ದರೆ ಡೌನ್‌ಲೋಡ್ ಪುಟದಲ್ಲೇ ಪ್ರತ್ಯೇಕವಾಗಿ ಸಿಗುವ ಸಹಾಯ ಪ್ಯಾಕನ್ನೂ ಹಾಕಿಸಿ.

ಕನ್ನಡದ ವಿಷಯಕ್ಕೆ ಹೆಚ್ಚು ಸಮಯ ಬೇಕು, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರಂತೆ ಕಾಣುತ್ತವೆ.

ಹಳೆಯ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದು. ಅಂಥ ಕಡತದ ಒಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಆ ಫಾಂಟು ಕನ್ನಡದ ಆಕಾರ ತೊಡಿಸಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಕೂಡ ಅದನ್ನು ಹಾಗೆಯೇ ತೋರಿಸುತ್ತದೆ. ತಕ್ಷಣದ ಪರಿಹಾರ ಆ ಫಾಂಟುಗಳನ್ನು ಆರೂ ಯಂತ್ರಗಳಿಗೆ ಹಾಕುವುದು. ಶಾಶ್ವತ ಪರಿಹಾರ ಯೂನಿಕೋಡ್‌ಗೆ ಪರಿವರ್ತಿಸುವುದು. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕ ಇದೆ. ಆದರೆ ಗಮನಿಸಿ: ಹಳೆಯ ಕಡತದ ನಡುವೆ ಬರುವ ಇಂಗ್ಲಿಷ್ ಪದಗಳೂ ಕನ್ನಡದ ತುಣುಕುಗಳೂ ಒಂದೇ ಸಂಕೇತಗಳನ್ನು ಬಳಸಿರುತ್ತವೆ. ಯಾವುದು ಯಾವುದು ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಬರೀ ಪಠ್ಯವನ್ನು ನಕಲಿಸಿ ಪರಿವರ್ತಕಕ್ಕೆ ಅಂಟಿಸಿದರೆ ಆ ಹೆಸರು ಕಳೆದುಹೋಗಿ, ಇಂಗ್ಲಿಷ್ ಪದಗಳು ಕನ್ನಡದ ಚೂರುಪಾರುಗಳಾಗಿಬಿಡುತ್ತವೆ. ಆದ್ದರಿಂದ ಕನ್ನಡದ ಭಾಗಗಳನ್ನಷ್ಟೇ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಎರಡೆರಡು ಒತ್ತುಗಳಿರುವ ಪದ (‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥವು) ಮತ್ತು ದೀರ್ಘಗಳನ್ನು ಕಣ್ಣಿಟ್ಟು ಓದಿ. ತಪ್ಪು ನುಸುಳುವುದು ಸಾಮಾನ್ಯವಾಗಿ ಅಲ್ಲೇ. ಹತ್ತು ವರ್ಷದ ಕಡತಗಳನ್ನೆಲ್ಲ ಒಟ್ಟಿಗೆ ಪರಿವರ್ತಿಸಲು ಹೋಗಬೇಡಿ. ಮತ್ತೆ ಮತ್ತೆ ಬಳಸುವ ನೋಟಿಸು, ಸಾಲದ ಕರಾರು, ಬೈಲಾ, ಠರಾವಿನ ಮಾದರಿ ಇಷ್ಟನ್ನು ಮಾಡಿ. ಉಳಿದವನ್ನು ಫಾಂಟ್ ಇರುವ ಯಂತ್ರದಲ್ಲಿ ಪಿಡಿಎಫ್ ಮಾಡಿ ಇಟ್ಟುಬಿಡಿ.

ಎರಡನೆಯದು, ಯೂನಿಕೋಡ್ ಕನ್ನಡವೇ ಆಗಿದ್ದರೂ ರೈಟರ್‌ನಲ್ಲಿ ಫಾಂಟು, ಗಾತ್ರ ಹೇಳಿದಂತೆ ಕೇಳುವುದಿಲ್ಲ ಎಂಬ ದೂರು. ರೈಟರ್ ಪ್ರತಿ ಪ್ಯಾರಾಕ್ಕೂ ಲ್ಯಾಟಿನ್ ಲಿಪಿಗೊಂದು, ಭಾರತೀಯ ಲಿಪಿಗಳಿಗೊಂದು ಫಾಂಟ್ ಇಟ್ಟುಕೊಳ್ಳುತ್ತದೆ. ಎರಡನೆಯದನ್ನು ಅದು ‘ಸಿಟಿಎಲ್’ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂದು ಕರೆಯುತ್ತದೆ, ಆ ಹೆಸರಿನಿಂದ ಗುಮಾಸ್ತರಿಗೆ ಏನೂ ತಿಳಿಯುವುದಿಲ್ಲ. ನಾನು ಮೇಲೆ ಹೇಳಿದ ವಿನ್ಯಾಸದ ಕುಂದು ಎಂದರೆ ಇಂಥದ್ದು. ಸ್ಟೈಲಿನಲ್ಲಿ ಲ್ಯಾಟಿನ್ ಭಾಗದ ಗಾತ್ರ 14ಕ್ಕೆ ಏರಿಸಿ ಸುಮ್ಮನಾದರೆ ಇಂಗ್ಲಿಷ್ ಅಕ್ಷರ ದೊಡ್ಡದಾಗುತ್ತದೆ, ಕನ್ನಡ ಇದ್ದಷ್ಟೇ ಇರುತ್ತದೆ. ಪ್ರತಿ ಯಂತ್ರದಲ್ಲೂ ಒಮ್ಮೆ ಹೀಗೆ ಮಾಡಿ: ಟೂಲ್ಸ್ > ಆಪ್ಷನ್ಸ್‌ನ ಭಾಷೆಗಳ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುರುತು ಹಾಕಿ, ಅದರ ಭಾಷೆಯನ್ನು ಕನ್ನಡ ಮಾಡಿ. ಅದೇ ಆಪ್ಷನ್ಸ್‌ನ ಲಿಬ್ರೆಆಫೀಸ್ ರೈಟರ್ ವಿಭಾಗದಲ್ಲಿ ‘ಬೇಸಿಕ್ ಫಾಂಟ್ಸ್ ಸಿಟಿಎಲ್’ ತೆರೆದು ನಿರ್ಮಲಾ ಯುಐ ಅಥವಾ ನೋಟೋ ಸೆರಿಫ್ ಕನ್ನಡ ಇಡಿ. ಆರೂ ಯಂತ್ರಗಳಲ್ಲಿ ಒಂದೇ ಫಾಂಟ್ ಇರಲಿ. ತುಂಗಾ ಫಾಂಟಿನ ಹಳೆಯ ಕಡತಗಳಿದ್ದರೆ, ವಿಂಡೋಸ್ 10 ಮತ್ತು 11ರಲ್ಲಿ ಅದು ತಾನಾಗಿ ಬಂದಿರದಿರಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿದರೆ ಸಿಗುತ್ತದೆ.

ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಂಡರೆ ಫಾಂಟನ್ನು ದೂರಬೇಡಿ, ಸಾಲುಗಳ ನಡುವಿನ ಅಂತರ ನೋಡಿ. ‘ಫಿಕ್ಸೆಡ್’ ಎಂದು ಇಂತಿಷ್ಟೇ ಪಾಯಿಂಟ್ ಕೊಟ್ಟಿರುತ್ತಾರೆ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡದ ಒತ್ತುಗಳಿಗೆ ಸಾಲದು. ‘ಪ್ರಪೋರ್ಷನಲ್’ ಅಥವಾ ‘ಅಟ್ ಲೀಸ್ಟ್’ ಮಾಡಿ.

ಕಡತ ತೆರೆದಾಗ ಪುಟ ಕೆಡುವುದೇಕೆ? ಡಾಕ್‌ಎಕ್ಸ್ ಎಂಬುದು ವರ್ಡ್‌ನ ಸ್ವಂತ ಕಡತ ಮಾದರಿ, ರೈಟರ್‌ನದ್ದು ಒಡಿಟಿ. ರೈಟರ್ ಡಾಕ್‌ಎಕ್ಸ್ ತೆರೆಯುವಾಗ ಅದನ್ನು ತನ್ನ ರೀತಿಗೆ ಬದಲಾಯಿಸಿಕೊಳ್ಳುತ್ತದೆ, ಉಳಿಸುವಾಗ ಮತ್ತೆ ವರ್ಡ್‌ನ ರೀತಿಗೆ ತಿರುಗಿಸುತ್ತದೆ. ಎರಡೂ ಪುಟವನ್ನು ಕಲ್ಪಿಸಿಕೊಳ್ಳುವ ಬಗೆಯೇ ಬೇರೆ. ವರ್ಡ್ ಪುಟದ ಅಂಚು, ಶಿರೋಭಾಗಗಳನ್ನು ಸೆಕ್ಷನ್‌ಗಳಲ್ಲಿ ಇಟ್ಟರೆ ರೈಟರ್ ಪೇಜ್ ಸ್ಟೈಲ್‌ಗಳಲ್ಲಿ ಇಡುತ್ತದೆ. ಸಾದಾ ಪತ್ರ, ಕೋಷ್ಟಕ ಸಲೀಸಾಗಿ ದಾಟುತ್ತವೆ. ಟೆಕ್ಸ್ಟ್ ಬಾಕ್ಸ್‌ಗಳನ್ನು ಒಂದರ ಮೇಲೊಂದು ಪೇರಿಸಿದ ಅರ್ಜಿ ನಮೂನೆಗಳು, ಸ್ಮಾರ್ಟ್‌ಆರ್ಟ್ ಚಿತ್ರಗಳು ಏಟು ತಿನ್ನುತ್ತವೆ.

ಅದಕ್ಕಿಂತ ದೊಡ್ಡ ಕಾರಣ ನಾವು ಟೈಪಿಸುವ ರೀತಿ. ಸಹಿ ಹಾಕುವ ಜಾಗವನ್ನು ಬಲಕ್ಕೆ ತಳ್ಳಲು ನಲವತ್ತು ಸಲ ಸ್ಪೇಸ್ ಒತ್ತಿ, ಹೊಸ ಪುಟಕ್ಕೆ ಹೋಗಲು ಎಂಟರ್ ಮೇಲೆ ಎಂಟರ್ ಒತ್ತಿ ಮಾಡಿದ ಕಡತ, ಫಾಂಟಿನ ಅಗಲ ಕೂದಲೆಳೆಯಷ್ಟು ಬದಲಾದರೂ ಕುಸಿಯುತ್ತದೆ. ಬಲಕ್ಕೆ ತಳ್ಳಲು ಟ್ಯಾಬ್ ಸ್ಟಾಪ್ ಅಥವಾ ಗೆರೆಯಿಲ್ಲದ ಕೋಷ್ಟಕ, ಹೊಸ ಪುಟಕ್ಕೆ ಕಂಟ್ರೋಲ್ ಮತ್ತು ಎಂಟರ್ ಬಳಸಿದ ಕಡತ ಎರಡೂ ಕಡೆ ನೆಟ್ಟಗೆ ನಿಲ್ಲುತ್ತದೆ. ಇದೊಂದನ್ನು ಸಿಬ್ಬಂದಿಗೆ ಕಲಿಸಿದರೆ ವರ್ಡ್‌ನಲ್ಲೇ ಉಳಿದರೂ ಲಾಭ.

ಫಾಂಟಿನ ಅಗಲದ ಮಾತು ಬಂದದ್ದರಿಂದ ಇನ್ನೊಂದು: ಕ್ಯಾಲಿಬ್ರಿ ವಿಂಡೋಸ್ ಜೊತೆಗೇ ಬರುತ್ತದೆ, ಹಾಗಾಗಿ ಅದರ ಕಡತಗಳು ನಿಮ್ಮಲ್ಲಿ ಸರಿಯಾಗಿಯೇ ಕಾಣುತ್ತವೆ. ಇತ್ತೀಚಿನ ಮೈಕ್ರೋಸಾಫ್ಟ್ 365ರ ಮೂಲ ಫಾಂಟ್ ಆಪ್ಟೋಸ್. ಅದು ಆಫೀಸ್ ಜೊತೆಗಿನದು, ಆಫೀಸ್ ತೆಗೆದ ಯಂತ್ರದಲ್ಲಿ ಬೇರೊಂದು ಫಾಂಟ್ ಅದರ ಜಾಗಕ್ಕೆ ಬಂದು ಸಾಲುಗಳು ಜರುಗುತ್ತವೆ. ಓದಲು ಮಾತ್ರ ಬೇಕಾದ ಕಡತವಾದರೆ ಕಳಿಸಿದವರಿಂದ ಪಿಡಿಎಫ್ ಕೇಳಿ.

ಯಾವ ಮಾದರಿಯಲ್ಲಿ ಉಳಿಸಬೇಕು? ನಿಮ್ಮೊಳಗೇ ಉಳಿಯುವ ನಡವಳಿ, ಠರಾವು, ನೋಟಿಸಿನ ಮಾದರಿಗಳು ಒಡಿಟಿಯಲ್ಲಿರಲಿ. 2006ರಿಂದ ಅದು ಐಎಸ್‌ಒ ಮಾನಕ, ರೈಟರ್‌ನಲ್ಲಿ ಏನೂ ಕಳೆಯುವುದಿಲ್ಲ. ಹೊರಗೆ ಹೋಗಿ ಮುಗಿದುಬಿಡುವುದು ಪಿಡಿಎಫ್. ಜಿಲ್ಲಾ ಬ್ಯಾಂಕು, ಇಲಾಖೆ, ಲೆಕ್ಕ ಪರಿಶೋಧಕರ ಜೊತೆ ತಿದ್ದಿ ತಿದ್ದಿ ಓಡಾಡುವುದು ಮಾತ್ರ ಡಾಕ್‌ಎಕ್ಸ್. ಹೊರಗಿನ ಪತ್ರವ್ಯವಹಾರ ನಡೆಯುವ ಒಂದು ಯಂತ್ರದಲ್ಲಿ ಟೂಲ್ಸ್ > ಆಪ್ಷನ್ಸ್ > ಲೋಡ್/ಸೇವ್ > ಜನರಲ್‌ನಲ್ಲಿ ಮೂಲ ಮಾದರಿಯನ್ನೇ ವರ್ಡ್‌ಗೆ ಇಟ್ಟುಬಿಡಿ, ಪ್ರತಿ ಸಲ ಬರುವ ಎಚ್ಚರಿಕೆಯ ಕಿಟಕಿ ನಿಲ್ಲುತ್ತದೆ. ಅದೇ ಪುಟದಲ್ಲಿ ಆಟೋರಿಕವರಿ 10 ನಿಮಿಷಕ್ಕೆ ಇರುತ್ತದೆ. ಕರೆಂಟ್ ಹೋಗುವ ಊರಾದರೆ 3ಕ್ಕೆ ಇಳಿಸಿ.

ಲೆಕ್ಕದ ಹಾಳೆಗಳ ವಿಷಯದಲ್ಲಿ ನನಗೆ ಒಂದು ಭಯವಿದೆ, ಅದು ದಿನಾಂಕ. ಕ್ಯಾಲ್ಕ್‌ನ ಭಾಷೆಯ ಸೆಟ್ಟಿಂಗಿನಲ್ಲಿ ‘ಲೊಕೇಲ್’ (ದಿನಾಂಕ, ಅಂಕಿಗಳಿಗೆ ಯಾವ ದೇಶದ ರೂಢಿ ಎಂಬುದು) ಅಮೆರಿಕದ ಇಂಗ್ಲಿಷ್ ಆಗಿದ್ದರೆ 05/04/2025 ಎಂದು ಟೈಪಿಸಿದ್ದು ಮೇ 4 ಆಗುತ್ತದೆ. 25/04/2025 ಎಂದರೆ 25ನೇ ತಿಂಗಳು ಇಲ್ಲವಾದ್ದರಿಂದ ಅದು ದಿನಾಂಕವೇ ಆಗದೆ ಬರೀ ಪಠ್ಯವಾಗಿ ಉಳಿಯುತ್ತದೆ. ಬಡ್ಡಿಯ ಲೆಕ್ಕದಲ್ಲಿ ಇದು ಸದ್ದಿಲ್ಲದೆ ಹಾನಿ ಮಾಡುವ ತಪ್ಪು. ಮೊದಲ ದಿನವೇ ಲೊಕೇಲನ್ನು ‘ಇಂಗ್ಲಿಷ್ ಇಂಡಿಯಾ’ ಮಾಡಿ. ಲಕ್ಷ, ಕೋಟಿಯ ಜಾಗದಲ್ಲಿ ಅಲ್ಪವಿರಾಮ ಸರಿಯಾಗಿ ಬೀಳಲು ಸೆಲ್ ಫಾರ್ಮ್ಯಾಟಿನ ಭಾಷೆಯೂ ಅದೇ ಇರಲಿ. ಎಕ್ಸೆಲ್‌ನಲ್ಲೂ ಇದೇ ಅಪಾಯವಿದೆ, ಅಲ್ಲಿ ಅದನ್ನು ನಿರ್ಧರಿಸುವುದು ವಿಂಡೋಸ್‌ನ ರೀಜನ್ ಸೆಟ್ಟಿಂಗ್.

ಬ್ಯಾಂಕಿನಿಂದ ಬರುವ ಸಿಎಸ್‌ವಿ ಕಡತಗಳಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಪಟ್ಟಿಗಳಿಗೆ) ಕ್ಯಾಲ್ಕ್ ಎಕ್ಸೆಲ್‌ಗಿಂತ ಒಳ್ಳೆಯದು. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕಡತ ನೇರವಾಗಿ ತೆರೆದುಕೊಂಡು, ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳು ಸಾಮಾನ್ಯವಾಗಿ ಉದುರಿಹೋಗುತ್ತವೆ, 15 ಅಂಕಿಗಳಾಚೆಯವು ಸೊನ್ನೆಯಾಗುತ್ತವೆ. ಕ್ಯಾಲ್ಕ್ ಮೊದಲು ಒಂದು ಕಿಟಕಿ ತೆರೆದು ಕೇಳುತ್ತದೆ. ಅಲ್ಲಿ ಅಕ್ಷರ ಸಂಕೇತ ಯುಟಿಎಫ್ 8, ಖಾತೆ ಸಂಖ್ಯೆಯ ಕಂಬಸಾಲು ‘ಟೆಕ್ಸ್ಟ್’, ದಿನಾಂಕದ ಕಂಬಸಾಲು ‘ಡೇಟ್ ಡಿಎಂವೈ’ ಎಂದು ಆರಿಸಿ ಮುಂದುವರಿಯಿರಿ. ಗಡಿಬಿಡಿಯಲ್ಲಿ ಓಕೆ ಒತ್ತಿದರೆ ಇಲ್ಲೂ ಸೊನ್ನೆ ಉದುರುತ್ತದೆ.

ಕ್ಯಾಲ್ಕ್ ಸೋಲುವುದು ಮ್ಯಾಕ್ರೋಗಳಲ್ಲಿ, ಅಂದರೆ ಹಾಳೆಯೊಳಗೇ ಬರೆದಿಟ್ಟು ತಾನಾಗಿ ಕೆಲಸ ಮಾಡಿಸುವ ಸಣ್ಣ ಪ್ರೋಗ್ರಾಂಗಳಲ್ಲಿ. ಎಕ್ಸೆಲ್‌ಗಾಗಿ ಬರೆದ ಮ್ಯಾಕ್ರೋಗಳಲ್ಲಿ ಕೆಲವು ನಡೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಮೇಲಿನ ಬ್ಯಾಂಕಿನವರು ತುಂಬಿ ಕಳಿಸಿ ಎಂದು ಕೊಡುವ ಮ್ಯಾಕ್ರೋ ತುಂಬಿದ ನಮೂನೆಗಳನ್ನು ಕ್ಯಾಲ್ಕ್‌ನಲ್ಲಿ ತುಂಬಲೇಬೇಡಿ. ಎಕ್ಸ್‌ಲುಕಪ್ ಸೂತ್ರ ಬಳಸಿದ ಹಾಳೆಗಳಿದ್ದರೆ 24.8 ಅಥವಾ ಅದಕ್ಕಿಂತ ಹೊಸ ಆವೃತ್ತಿಯೇ ಬೇಕು.

ಇನ್ನೊಂದು ನಿಜವಾದ ಕುಂದು ಸದಸ್ಯರಿಗೆ ಮಹಾಸಭೆಯ ನೋಟಿಸು ಕಳಿಸುವಾಗ ಎದುರಾಗುತ್ತದೆ. ವರ್ಡ್‌ನ ಮೇಲ್ ಮರ್ಜ್‌ನಲ್ಲಿ (ಒಂದೇ ಪತ್ರಕ್ಕೆ ಪಟ್ಟಿಯಿಂದ ಹೆಸರು, ವಿಳಾಸ ತುಂಬುವ ಸೌಲಭ್ಯದಲ್ಲಿ) ಎಕ್ಸೆಲ್ ಹಾಳೆ ತೋರಿಸಿದರೆ ಸಾಕು. ರೈಟರ್ ನಡುವೆ ಒಂದು ಡೇಟಾಬೇಸ್ ನೋಂದಣಿ ತಂದಿಡುತ್ತದೆ, ಬಹಳ ಜನ ಅಲ್ಲೇ ಕೈಚೆಲ್ಲುತ್ತಾರೆ. ಸುಲಭದ ದಾರಿ ಇದು. ಸದಸ್ಯರ ಪಟ್ಟಿಯ ಮೊದಲ ಸಾಲಿನಲ್ಲಿ ‘ಹೆಸರು’, ‘ವಿಳಾಸ’, ‘ಸದಸ್ಯತ್ವ ಸಂಖ್ಯೆ’ ಎಂದು ಶೀರ್ಷಿಕೆ ಕೊಟ್ಟು, ಉಳಿಸಿ, ಹಾಳೆಯನ್ನು ಮುಚ್ಚಿ. ನೋಟಿಸಿನಲ್ಲಿ ಹೆಸರು ಬರಬೇಕಾದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಎಫ್2 ಒತ್ತಿ. ಡೇಟಾಬೇಸ್ ಟ್ಯಾಬಿನಲ್ಲಿ ‘ಬ್ರೌಸ್’ ಮೂಲಕ ಆ ಪಟ್ಟಿಯನ್ನು ಆರಿಸಿ, ಮೇಲ್ ಮರ್ಜ್ ಫೀಲ್ಡ್ಸ್‌ನಿಂದ ಬೇಕಾದ ಶೀರ್ಷಿಕೆಯನ್ನು ಸೇರಿಸಿ. ಎಲ್ಲ ಸೇರಿಸಿದ ಮೇಲೆ ಪ್ರಿಂಟ್ ಕೊಟ್ಟಾಗ ‘ಫಾರ್ಮ್ ಲೆಟರ್ ಮುದ್ರಿಸಬೇಕೇ’ ಎಂದು ಕೇಳುತ್ತದೆ, ಹೌದು ಎನ್ನಿ. ಮೊದಲು 1ರಿಂದ 3ರವರೆಗಿನ ದಾಖಲೆಗಳನ್ನು ಮಾತ್ರ ಕಡತವಾಗಿ ಉಳಿಸಿ ನೋಡಿ, ಆಮೇಲೆ ಪೂರ್ತಿ. ಪಟ್ಟಿಯ ಕಡತವನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಅಥವಾ ಹೆಸರು ಬದಲಾಯಿಸಿದರೆ ಸಂಬಂಧ ಕಡಿದುಹೋಗುತ್ತದೆ, ಒಂದು ಜಾಗ ಗೊತ್ತುಮಾಡಿ ಅಲ್ಲೇ ಇಡಿ.

ಬದಲಾಯಿಸುವ ಕ್ರಮ ಹೇಳುತ್ತೇನೆ. ಮಾರ್ಚ್ ಅಂತ್ಯದ ಲೆಕ್ಕದ ಹೊತ್ತಿನಲ್ಲೂ ಸೆಪ್ಟೆಂಬರ್‌ನ ಮಹಾಸಭೆಯ ಹೊತ್ತಿನಲ್ಲೂ ಕೈಹಾಕಬೇಡಿ, ನವೆಂಬರ್ ಒಳ್ಳೆಯದು. ಮೊದಲು ಹಳೆಯ ಆಫೀಸ್ ಇರುವಾಗಲೇ ಪಕ್ಕದಲ್ಲಿ ಲಿಬ್ರೆಆಫೀಸ್ ಹಾಕಿ. ಎರಡೂ ಜಗಳವಾಡುವುದಿಲ್ಲ. ಕಳೆದ ವರ್ಷ ನಿಜವಾಗಿ ಬಳಸಿದ 20 ಕಡತಗಳನ್ನು ಆರಿಸಿ, ಅಂದರೆ ಐದಾರು ಪತ್ರ, ನಾಲ್ಕು ನಮೂನೆ, ಉಳಿದವು ಲೆಕ್ಕದ ಹಾಳೆ, ಎರಡರಲ್ಲೂ ತೆರೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಹಾಳಾದವನ್ನು ರೈಟರ್‌ನಲ್ಲೇ ಹೊಸದಾಗಿ ಮಾಡಿಸಿ, ಅವು ಹೆಚ್ಚೆಂದರೆ ನಾಲ್ಕೈದು ಇರುತ್ತವೆ ಎಂಬುದು ಇಂಥ ಕಚೇರಿಗಳ ಕಡತಗಳ ಸ್ವರೂಪದಿಂದ ಮಾಡಿದ ನನ್ನ ಅಂದಾಜು. ಆಮೇಲೆ ಇಬ್ಬರು ಸಿಬ್ಬಂದಿಗೆ ಒಂದೊಂದು ದಿನನಿತ್ಯದ ಕೆಲಸ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಬಾಯಿ ಬಿಡಬೇಡಿ, ತೋರಿಸಿಕೊಡಬೇಡಿ. ಕೈ ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಆ ಚೀಟಿಯಲ್ಲಿರುವಷ್ಟನ್ನೇ ಎಲ್ಲರಿಗೂ ಕಲಿಸಿದರೆ ಸಾಕು, ದಿನಗಟ್ಟಲೆ ತರಬೇತಿ ಬೇಡ.

ವಿಂಡೋಸ್ ತೆಗೆದು ಲಿನಕ್ಸ್ ಹಾಕುವ ಮಾತು ಈಗ ಬೇಡ. ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ಅದೇ ದೇಶದ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಕಂಪ್ಯೂಟರ್‌ಗಳ ಬದಲಾವಣೆ ಘೋಷಿಸಿದಾಗ ಲಿಬ್ರೆಆಫೀಸನ್ನು ಮೊದಲಿಗಿಟ್ಟು ಲಿನಕ್ಸನ್ನು ಆಮೇಲಕ್ಕೆ ಇಟ್ಟಿತು. ಆ ಕ್ರಮ ಸರಿ. ನಮ್ಮ ಕಚೇರಿಗಳ ಹಳೆಯ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವಕ್ಕೆ ಲಿನಕ್ಸ್‌ನಲ್ಲಿ ಒಳ್ಳೆಯ ಡ್ರೈವರ್ ಇಲ್ಲ. ಮುಂದೆಂದಾದರೂ ಹೋಗುವುದಾದರೆ ಟೈಪಿಸುವವರ ಚಿಂತೆ ಬೇಡ, ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಟೈಪಿಂಗ್ ಸೌಲಭ್ಯವಾದ ಐಬಸ್‌ನಲ್ಲಿ ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಆರರಲ್ಲಿ ಒಂದು ಯಂತ್ರದಲ್ಲಿ ಮೈಕ್ರೋಸಾಫ್ಟ್ ಆಫೀಸನ್ನು ಪರವಾನಗಿಯೊಂದಿಗೆ ಉಳಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಮ್ಯಾಕ್ರೋ ನಮೂನೆಗಳಿಗೂ, ಹೊರಗೆ ಹೋಗುವ ಮುಖ್ಯ ಕಡತವನ್ನು ಕೊನೆಯ ಸಲ ನೋಡಲಿಕ್ಕೂ ಅದು ಬೇಕು. ಕದ್ದ ಪ್ರತಿ ಮಾತ್ರ ಬೇಡ. ಸದಸ್ಯರ ಖಾತೆ ವಿವರ ಇರುವ ಯಂತ್ರಕ್ಕೆ ‘ಆಕ್ಟಿವೇಟರ್’ ಹೆಸರಿನ ಅಪರಿಚಿತ ತಂತ್ರಾಂಶ ಹಾಕುವುದು ಬಾಗಿಲು ತೆಗೆದಿಟ್ಟು ಮಲಗಿದಂತೆ.

ಲಿಬ್ರೆಆಫೀಸ್ ಇದ್ದಕ್ಕಿದ್ದಂತೆ ತೆರೆಯದಿದ್ದರೆ ಅಥವಾ ಪರದೆ ವಿಚಿತ್ರವಾದರೆ ಅಳಿಸಿ ಮತ್ತೆ ಹಾಕಬೇಡಿ. ಕೆಟ್ಟಿರುವುದು ಸಾಮಾನ್ಯವಾಗಿ ಬಳಕೆದಾರರ ಪ್ರೊಫೈಲ್, ಅದು ಅಳಿಸಿದರೂ ಉಳಿದಿರುತ್ತದೆ. ಹೆಲ್ಪ್ > ರಿಸ್ಟಾರ್ಟ್ ಇನ್ ಸೇಫ್ ಮೋಡ್ ಆರಿಸಿ (ತೆರೆಯುವುದೇ ಇಲ್ಲವಾದರೆ ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿರುವ ‘ಲಿಬ್ರೆಆಫೀಸ್ ಸೇಫ್ ಮೋಡ್’ ಒತ್ತಿ), ಅಲ್ಲಿಂದ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತನ್ನಿ. ಕಡತಗಳಿಗೇನೂ ಆಗುವುದಿಲ್ಲ, ಆದರೆ ಮೇಲೆ ಹೇಳಿದ ಲೊಕೇಲ್, ಸಿಟಿಎಲ್ ಫಾಂಟ್ ಎಲ್ಲ ಮತ್ತೆ ಹಾಕಬೇಕಾಗುತ್ತದೆ.

ಕನ್ನಡ ಕೆಡುವುದು ಇಷ್ಟೆಲ್ಲ ಮಾಡಿದ ಮೇಲೂ ನಿಲ್ಲದಿದ್ದರೆ ಅದನ್ನು ಲಿಬ್ರೆಆಫೀಸಿನ ದೋಷ ವರದಿಯ ಜಾಲತಾಣವಾದ ಬಗ್‌ಜಿಲ್ಲಾದಲ್ಲಿ ದಾಖಲಿಸಿ. ದಯವಿಟ್ಟು ಇದನ್ನು ಮಾಡಿ: ಕನ್ನಡ ಟೈಪಿಸುವವರನ್ನು ಕೂರಿಸಿ ನೋಡಲು ಯಾರೂ ದುಡ್ಡು ಕೊಡುತ್ತಿಲ್ಲ, ಬಳಸುವವರು ಹೇಳದಿದ್ದರೆ ತಂತ್ರಾಂಶ ಬರೆದವರಿಗೆ ದೋಷ ತಲುಪುವ ದಾರಿಯೇ ಇಲ್ಲ. ಕೆಡುವ ಭಾಗ ಮಾತ್ರ ಇರುವ ಒಂದು ಪುಟದ ಕಡತ, ಅದು ವರ್ಡ್‌ನಲ್ಲಿ ಹೇಗೆ ಕಾಣುತ್ತದೆ ಎಂಬ ಪಿಡಿಎಫ್, ರೈಟರ್‌ನಲ್ಲಿ ಕಾಣುವುದರ ಸ್ಕ್ರೀನ್‌ಶಾಟ್, ಬಳಸಿದ ಫಾಂಟಿನ ಹೆಸರು, ಹೆಲ್ಪ್ > ಅಬೌಟ್‌ನಿಂದ ನಕಲಿಸಿದ ಆವೃತ್ತಿಯ ವಿವರ ಇಷ್ಟನ್ನು ಸೇರಿಸಿ. ಅಲ್ಲಿ ಹಾಕಿದ್ದು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಸದಸ್ಯರ ಹೆಸರು, ಖಾತೆ ಸಂಖ್ಯೆಗಳನ್ನು ತೆಗೆದು ಬೇರೆ ಪದ ತುಂಬಿಸಿಯೇ ಕಡತ ಸೇರಿಸಿ.